ತಮ್ಮನ ಫೋನಿನಲ್ಲಿ ದೋನ್ ಮಲ್ತಿಶ್‌ರ ಕಿವಿ

ದೋನ್ ಮಲ್ತಿಶ್ ಕರುಳಿನ ಪೊಟ್ಟಣವನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ದೊಪ್ಪನೆ ಎಸೆದದ್ದು ಸೆಪ್ಟೆಂಬರ್ ಕೊನೆಯಲ್ಲಿ, ಸಂತೆಯ ದಿನ, ಗಿರಾಕಿಗಳು ಸಾಲಾಗಿ ನಿಂತಿದ್ದಾಗ.

"ಕತಾಲ್, ಇದು ಸತ್ತ ಕರುಳು."

"ಬದುಕಿರೋ ಹಂದಿ ಕರುಳು ಎಲ್ಲಾದ್ರೂ ಸಿಗತ್ತಾ ದೋನ್?" ಅಂದೆ. ಸಾಲಿನಲ್ಲಿದ್ದವರು ನಕ್ಕರು. ಅವರು ನಗಲಿಲ್ಲ.

"ಇದು ಮೂರನೇ ಸಲ. ಮೂರು ಸಲಾನೂ ನೀನು ಕೊಟ್ಟಿದ್ದು ಬಾಯೇ ಬಿಡ್ತಿಲ್ಲ. ನಿಮ್ಮಪ್ಪ ಇದ್ದಾಗ ಹಿಂಗಿರಲಿಲ್ಲ."

ಅಪ್ಪನ ಹೆಸರು ಎತ್ತಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಇಪ್ಪತ್ತಾರು ವರ್ಷದಿಂದ ಹಂದಿ ಕಡಿಯುತ್ತಿದ್ದೇನೆ. ಮರಿಂಬಾ ವಾದ್ಯಕ್ಕೆಂದು ಸಣ್ಣ ಕರುಳನ್ನು ಬೇರೆಯೇ ಎತ್ತಿಟ್ಟು, ಒಳಪೊರೆ ಹರಿಯದ ಹಾಗೆ ಚಮಚದ ಹಿಂಬದಿಯಿಂದ ಕೆರೆದು, ಊದಿ, ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿ ಒಣಗಿಸಿ ಕೊಡುತ್ತೇನೆ. ಸಾಂತಾ ಎವುಲಾಲಿಯಾದಿಂದ ಸೊಲೊಮಾದವರೆಗೆ ಮರಿಂಬಾ ಮಾಡುವ ಐದಾರು ಮಂದಿ ನನ್ನಲ್ಲೇ ಒಯ್ಯುತ್ತಾರೆ, ಒಬ್ಬರೂ ಸೊಲ್ಲೆತ್ತಿದವರಲ್ಲ. ನಾನೂ ಇಡೀ ಸಂತೆಗೆ ಕೇಳುವ ಹಾಗೆ ಹೇಳಿದೆ, "ಕರುಳು ಸರಿಯಾಗೇ ಇದೆ ದೋನ್. ಕಿವಿ ತೋರಿಸ್ಕೊಳ್ಳಿ."

ಹೇಳಬಾರದಿತ್ತು. ಆ ಮನುಷ್ಯನ ಎರಡೂ ಕಿವಿಯ ಹಿಂದೆ ಕೇಳುವ ಹೊಸ ಮೆಷಿನ್ನು ಕೂತು ಒಂದೂವರೆ ತಿಂಗಳಾಗಿತ್ತಷ್ಟೆ. ಅವರು ಪೊಟ್ಟಣವನ್ನು ಅಲ್ಲೇ ಬಿಟ್ಟು, ಕರಿ ಉಣ್ಣೆಯ ನಿಲುವಂಗಿಯನ್ನು ಮೈಗೆ ಬಿಗಿಯಾಗಿ ಎಳೆದುಕೊಂಡು ಮಂಜಿನಲ್ಲಿ ಹೊರಟುಹೋದರು.

ಅವರ ಕೋಪಕ್ಕೆ ಕಾರಣವಿತ್ತು. ಮರಿಂಬಾದ ಪ್ರತಿ ಮರದ ಪಟ್ಟಿಯ ಕೆಳಗೂ ಒಂದು ಉದ್ದನೆಯ ಮರದ ಡಬ್ಬಿ ನೇತಾಡುತ್ತದೆ. ಡಬ್ಬಿಯ ತುದಿಯಲ್ಲೊಂದು ತೂತು, ತೂತಿನ ಸುತ್ತ ಜೇನುಮೇಣದ ಬಳೆ, ಬಳೆಯ ಮೇಲೆ ನನ್ನ ಕರುಳಿನ ಪೊರೆ. ಮೇಲೆ ಕೋಲು ಬಿದ್ದರೆ ಕೆಳಗೆ ಪೊರೆ ಅದುರಿ ಗುಂಯ್ ಎನ್ನಬೇಕು. ಆ ಝೇಂಕಾರವೇ ಮರಿಂಬಾದ ಜೀವಾಳ. ಪೊರೆ ಬಿಗಿಯಾದರೆ ಮೂಕ, ಸಡಿಲವಾದರೆ ಕರ್ಕಶ. ಕೂದಲೆಳೆಯಷ್ಟು ವ್ಯತ್ಯಾಸ, ಅದನ್ನು ಹಿಡಿಯುವುದು ಕಿವಿಯೊಂದೇ. ದೋನ್ ಮಲ್ತಿಶ್ ಐವತ್ತು ವರ್ಷ ಆ ಕಿವಿಯಿಂದಲೇ ಅನ್ನ ತಿಂದವರು.

ಅವರ ಅಪ್ಪನೂ ಇದೇ ಕಸುಬಿನವರು. ಕೆಳಗಿನ ಸೆಖೆಯ ನಾಡಿನಿಂದ ಮರದ ದಿಮ್ಮಿಯನ್ನು ಹಣೆಪಟ್ಟಿ ಕಟ್ಟಿ ಬೆನ್ನ ಮೇಲೆ ಹೊತ್ತು ನಾಲ್ಕು ದಿನ ಬೆಟ್ಟ ಹತ್ತಿ ಬರುತ್ತಿದ್ದರಂತೆ. ಮಗ ಹನ್ನೊಂದನೇ ವಯಸ್ಸಿಗೆ ಮೇಣ ಕರಗಿಸಲು ಕೂತವರು ಮೇಲೇಳಲಿಲ್ಲ. ಸೈನ್ಯದವರು ಹಳ್ಳಿಗಳನ್ನು ಸುಡುತ್ತಿದ್ದ ಕಾಲದಲ್ಲಿ ಊರಿಗೆ ಊರೇ ಕಾಡಿಗೆ ಓಡಿದಾಗ, ಜನ ಜೋಳ ಹೊತ್ತರೆ ಇವರು ಹೆಂಡತಿಯ ಬೈಗುಳ ತಿಂದುಕೊಂಡು ನಲವತ್ತೆರಡು ಮರದ ಪಟ್ಟಿ ಹೊತ್ತರು. ಒಟ್ಟು ನಲವತ್ತೊಂದು ಮರಿಂಬಾ ಮಾಡಿದ್ದಾರೆ. ಯಾವುದು ಯಾವ ಊರಿನಲ್ಲಿದೆ, ಯಾವುದಕ್ಕೆ ಹುಳ ಬಿತ್ತು, ಯಾವುದನ್ನು ಕುಡುಕನೊಬ್ಬ ಮೆಟ್ಟಿಲಿನಿಂದ ಕೆಳಗೆ ಬೀಳಿಸಿದ, ಎಲ್ಲ ಬಾಯಿಪಾಠ. ಹೆಂಡತಿ ಸತ್ತ ಮೇಲೆ ಕಿವಿ ಮಂದವಾಗುತ್ತ ಬಂತು. ಮೊದಲು ಕೋಳಿಮರಿಗಳ ಸದ್ದು ಹೋಯಿತು, ಆಮೇಲೆ ನೆರೆಮನೆಯ ಜಗಳ, ಕೊನೆಗೆ ಝೇಂಕಾರ. ಅದು ಹೋದ ದಿನ ಉಳಿಯನ್ನು ಗೂಟಕ್ಕೆ ನೇತುಹಾಕಿದರು. ಎರಡು ವರ್ಷ ಕುರ್ಚಿ ಮಾಡಿದರು. ಕುರ್ಚಿಗಳು ಗಟ್ಟಿಮುಟ್ಟಾಗಿದ್ದವು. ಆದರೆ ಅವನ್ನು ಮಾರುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಈ ಫೆಬ್ರವರಿಯಲ್ಲಿ ನನ್ನ ಗಂಡ ಅಂತಿಲ್ ತೀರಿಕೊಂಡ. ಮರಿಂಬಾ ನುಡಿಸುವವನು. ಅವನ ಜೊತೆಗಾರರಿಬ್ಬರು ಒಂದು ಹೊಸ ಮರಿಂಬಾ ಮಾಡಿಸಿ ನವೆಂಬರ್ ಒಂದಕ್ಕೆ, ಸಂತರ ಹಬ್ಬದ ದಿನ, ಅವನ ಗೋರಿಯ ಮುಂದೆ ನುಡಿಸುತ್ತೇವೆಂದು ಹೊರಟರು. ಹಳೆಯದಕ್ಕೆ ಹುಳ ಹಿಡಿದಿತ್ತು. ಸತ್ತವರ ಮೊದಲ ಹಬ್ಬಕ್ಕೆ ಬಾಡಿಗೆ ವಾದ್ಯ ತರುವುದು ನಮ್ಮಲ್ಲಿ ಮರ್ಯಾದೆಯಲ್ಲ. ದೋನ್ ಮಲ್ತಿಶ್ ಆಗುವುದಿಲ್ಲ ಎಂದಿದ್ದರು. ಆಗಸ್ಟಿನಲ್ಲಿ ವೆವೆತೆನಾಂಗೊ ಪಟ್ಟಣಕ್ಕೆ ಹೊರದೇಶದ ವೈದ್ಯರು ಬಂದು ಕಿವಿಯ ಮೆಷಿನ್ನು ಧರ್ಮಕ್ಕೆ ಕೊಡುವ ಶಿಬಿರ ಹಾಕಿದರು. ಸೊಲೊಮಾಕ್ಕೆ ಮದುವೆಯಾಗಿ ಹೋದ ದೋನ್ ಮಲ್ತಿಶ್‌ರ ಮಗಳು ಎವುಲ್ ಅಪ್ಪನನ್ನು ಎಳೆದುಕೊಂಡು ಹೋದಳು. ವಾಪಸ್ಸು ಬಂದವರು ಮನೆಗೂ ಹೋಗದೆ ನನ್ನ ಬಾಗಿಲಿಗೆ ಬಂದು, "ಅಂತಿಲ್‌ಗೆ ನಾನೇ ಮಾಡ್ತೀನಿ" ಅಂದರು. ಆ ಹೊತ್ತು ನನ್ನ ಅಡುಗೆಮನೆಯಲ್ಲಿ ಅವರೆ ಕುದಿಯುತ್ತಿತ್ತು. ಅದು ಕೇಳಿಸುತ್ತಿದೆ ಎಂದು ಬೆರಳು ತೋರಿಸಿ ನಕ್ಕರು.

ಅಷ್ಟು ಸಂತೋಷದಿಂದ ಮಾತು ಕೊಟ್ಟವರು. ಅದಕ್ಕೇ ನನ್ನ ಕರುಳಿನ ಮೇಲೆ ಅಷ್ಟು ಕೋಪ.

ಅಕ್ಟೋಬರ್ ಮೊದಲ ವಾರ ಜೊತೆಗಾರರು ನುಡಿಸಿ ನೋಡಲು ಹೋದರು, ನಾನೂ ಹೋದೆ. ಮೊದಲ ಏಟಿಗೇ ಅಂಗಳದ ನಾಯಿ ಎದ್ದು ಓಡಿತು. ನಲವತ್ತೆರಡೂ ಡಬ್ಬಿಗಳು ಒಟ್ಟಿಗೆ ಬೊಬ್ಬಿರಿದವು. ಮಂದ್ರದ ಕಡೆ ನಿಂತಿದ್ದ ಪಲಾಸ್ ಕೋಲು ಕೆಳಗಿಟ್ಟು, "ದೋನ್, ನಾವು ಮರಿಂಬಾ ಕೇಳಿದ್ವಿ, ನೀವು ಮರದ ಮಿಲ್ಲು ಕೊಟ್ರಲ್ಲ" ಅಂದ. ಅವನ ಜೊತೆಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ದೋನ್ ಮಲ್ತಿಶ್ ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಯಾಕೆ ನಗ್ತೀರಿ? ಇನ್ನೂ ಗುಂಯ್ ಬಂದೇ ಇಲ್ವಲ್ಲ."

ನಗು ನಿಂತಿತು. ಆ ಮನುಷ್ಯನಿಗೆ ಪಟ್ಟಿಯ ಸದ್ದು ಕೇಳುತ್ತಿತ್ತು, ನಮ್ಮ ಮಾತು ಕೇಳುತ್ತಿತ್ತು, ಕೆಳಗಿನ ದಾರಿಯಲ್ಲಿ ಹೋಗುವ ಬಸ್ಸು ಕೇಳುತ್ತಿತ್ತು. ಝೇಂಕಾರ ಮಾತ್ರ ಇಲ್ಲ. ಅದು ಬರಲೆಂದು ಅವರು ಪೊರೆಯನ್ನು ಸಡಿಲ ಮಾಡುತ್ತ, ಮತ್ತೆ ಸಡಿಲ ಮಾಡುತ್ತ, ನನ್ನನ್ನು ಬೈಯುತ್ತ ಕೂತಿದ್ದರು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಎವುಲ್ ಬಂದು ಮೆಷಿನ್ನಿನ ಜೊತೆಗಿದ್ದ ಕಾಗದವನ್ನು ಕೂತು ಓದಿದಳು. ಈ ಮೆಷಿನ್ನು ಜಾಣ ಮೆಷಿನ್ನಂತೆ. ಮಾತನ್ನು ಒಳಗೆ ಬಿಟ್ಟು ಗೌಜನ್ನು ತಾನೇ ಸೋಸಿಬಿಡುತ್ತದೆ. ಗುಂಯ್‌ಗುಡುವುದೆಲ್ಲ ಅದರ ಲೆಕ್ಕದಲ್ಲಿ ಗೌಜು. ಸೋಸುವುದು ಬೇಡವೆಂದರೆ ಫೋನಿನಲ್ಲಿ ಕಂಪನಿಯ ಆ್ಯಪ್ ಹಾಕಿಕೊಂಡು ಅಲ್ಲಿ ನಿಲ್ಲಿಸಬೇಕು. ಆದರೆ ಮೆಷಿನ್ನನ್ನು ಚಾರ್ಜಿಗೆ ಇಟ್ಟು ತೆಗೆದಾಗಲೆಲ್ಲ ಅದು ಮೊದಲಿನಂತೆ ಸೋಸತೊಡಗುತ್ತದೆ, ದಿನವೂ ಹೊಸದಾಗಿ ಹೇಳಬೇಕು.

"ಇಷ್ಟೇ ತಾನೇ" ಎಂದು ನಾವೆಲ್ಲ ಉಸಿರು ಬಿಟ್ಟೆವು. ದೋನ್ ಮಲ್ತಿಶ್‌ರ ಫೋನಿನಲ್ಲಿ ಎವುಲ್ ಆ್ಯಪ್ ಹಾಕಿದಳು. ಅದು ಒಂದು ಕೆಂಪು ತ್ರಿಕೋನ ತೋರಿಸಿತು. "ಈ ಸಾಧನವನ್ನು ಮಾರ್ಪಡಿಸಲಾಗಿದೆ. ನಿಮ್ಮ ಸುರಕ್ಷತೆಗಾಗಿ ಮುಂದುವರಿಯಲಾಗುವುದಿಲ್ಲ."

ಫೋನನ್ನು ಮಾರ್ಪಡಿಸಿದ್ದು ನಿಜ. ಗಡಿ ದಾಟಿ ಉತ್ತರದ ದೇಶಕ್ಕೆ ಕೂಲಿಗೆ ಹೋದ ಅವರ ತಮ್ಮನ ಮಗ ಕಳಿಸಿದ ಫೋನದು. ಅಲ್ಲಿನ ಕಂಪನಿಯ ಬೀಗ ಹಾಕಿಕೊಂಡೇ ಬಂದಿತ್ತು, ಇಲ್ಲಿನ ಸಿಮ್ಮು ಹಿಡಿಯುತ್ತಿರಲಿಲ್ಲ. ಸಂತೆಯ ಮೆಟ್ಟಿಲ ಬಳಿ ಕೂರುವ ರುಬೆಲಿನೊ ಬೀಗ ಒಡೆದು, ಒಳಗಿನದನ್ನೆಲ್ಲ ಬದಲಿಸಿ ಕೊಟ್ಟಿದ್ದ. ಫೋನನ್ನು ಬಿಡಿಸಿಕೊಳ್ಳುವುದು ಅನ್ನುತ್ತೇವೆ ನಾವು. ಊರಿನ ಯಾವ ಫೋನು ಬಿಡಿಸಿಕೊಳ್ಳದೆ ಮಾತಾಡಿದೆ?

ರುಬೆಲಿನೊನ ಮುಂದೆ ಹೋಗಿ ಕೂತೆವು. ಅವನು ಒಂದು ವಾರ ಒದ್ದಾಡಿದ. ಬದಲಿಸಿದ್ದನ್ನು ಆ್ಯಪ್‌ಗೆ ಕಾಣದ ಹಾಗೆ ಮುಚ್ಚಿಟ್ಟ. ಆ್ಯಪ್ ಹಸಿರು ತೋರಿಸಿ, ಹೆಸರು ಕೇಳಿ, ಹುಟ್ಟಿದ ದಿನ ಕೇಳಿ, ಕೊನೆಗೆ ಅದೇ ಕೆಂಪು ತ್ರಿಕೋನವನ್ನು ಮುಂದಿಟ್ಟಿತು. ಹಾಗಾದರೆ ಫೋನಿನೊಳಗೆ ಮೊದಲಿದ್ದ ಹಳೆಯದನ್ನೇ ಹಾಕು ಎಂದೆ.

"ಹಾಕಿ ನೋಡ್ದೆ ಅಕ್ಕಾ. ಸಿಮ್ಮೂ ಹೋಯ್ತು, ಆ್ಯಪೂ ಬರಲಿಲ್ಲ. ಅದು ಬಹಳ ಹಳೇದಂತೆ, ನಡೆಯಲ್ವಂತೆ. ಹಳೇದಕ್ಕೆ ಹೋದ್ರೆ ಮುದುಕ ಅಂತಾರೆ, ಹೊಸದಕ್ಕೆ ಬಂದ್ರೆ ಕಳ್ಳ ಅಂತಾರೆ. ನಾನೇನ್ ಮಾಡ್ಲಿ?"

"ಸುರಕ್ಷತೆ ಅಂದ್ರೆ ಏನಯ್ಯಾ?" ದೋನ್ ಮಲ್ತಿಶ್ ಕೇಳಿದರು. "ನನ್ನ ಕಿವಿಗೆ ಯಾರು ಕನ್ನ ಹಾಕ್ತಾರೆ?"

"ನೀವೇ ಹಾಕ್ಬಹುದು ಅಂತ ಅವರಿಗೆ ಭಯ ದೋನ್."

"ನನ್ನ ಕಿವೀಗೆ ನಾನಾ?"

ರುಬೆಲಿನೊ ಫೋನಿಗೆ ತಿರುಪು ಹಾಕತೊಡಗಿದ. ಅವನ ಕಣ್ಣುಗಳು ಕೆಂಪಾಗಿದ್ದವು. ಆ ವಾರದ ಕೆಲಸಕ್ಕೆ ಅವನು ಏನೂ ತೆಗೆದುಕೊಳ್ಳಲಿಲ್ಲ. ಎವುಲ್ ಕಂಪನಿಗೆ ಪತ್ರ ಬರೆದಳು. ನಮ್ಮಪ್ಪ ಮರಿಂಬಾ ಮಾಡುವವರು, ಅವರಿಗೆ ಝೇಂಕಾರ ಕೇಳಬೇಕು, ದಯವಿಟ್ಟು ಬಿಡಿ ಎಂದು. ನಾಲ್ಕನೇ ದಿನ ಉತ್ತರ ಬಂತು. ನಮ್ಮ ಸೇವೆ ನಿಮಗೆ ಇಷ್ಟವಾಗಿದ್ದಕ್ಕೆ ಸಂತೋಷ, ದಯವಿಟ್ಟು ಅನುಮೋದಿತ ಫೋನು ಬಳಸಿ ಎಂದಿತ್ತು. ಕುರ್ಚಿ ಮಾಡಿ ಬದುಕುವ ಮನುಷ್ಯ ಹೊಸ ಫೋನನ್ನು ಎಲ್ಲಿಂದ ತರಬೇಕು?

ಆಮೇಲೆ ಶುರುವಾಯಿತು ಊರ ಫೋನುಗಳ ತಪಾಸಣೆ. ನನ್ನದು, ಪಲಾಸನದು, ಜೋಳದ ಗಿರಣಿಯವನದು, ಮೇಷ್ಟರದು. ದೋನ್ ಮಲ್ತಿಶ್ ಒಂದೊಂದರ ಮುಂದೆಯೂ ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು, ಪ್ರತಿಯೊಂದೂ ಕೆಂಪು ತ್ರಿಕೋನ ತೋರಿಸುತ್ತಿತ್ತು. ಮೇಷ್ಟರಿಗೆ ಬಹಳ ಅವಮಾನವಾಯಿತು. ಅವರು ತಮ್ಮದನ್ನು ಅಂಗಡಿಯಿಂದ ಹೊಸದಾಗಿ ತಂದೆನೆಂದು ಊರಿಗೆಲ್ಲ ಹೇಳಿಕೊಂಡಿದ್ದರು. ಬೀಗ ಒಡೆಯದ ಫೋನು ಊರಿನಲ್ಲಿ ಒಂದೇ ಇದೆ ಎಂದು ನನಗೆ ಮೊದಲೇ ಗೊತ್ತಿತ್ತು. ಬಾಯಿ ಬಿಡಲು ಮನಸ್ಸಿರಲಿಲ್ಲ, ಏಕೆಂದರೆ ಅದು ನನ್ನ ತಮ್ಮನದು.

ನನ್ನ ತಮ್ಮ ಎಲಿಸೇಯೊ ಒಂಬತ್ತು ವರ್ಷ ಅಂತಿಲ್‌ನ ಪಕ್ಕದಲ್ಲಿ ನಿಂತು ಮರಿಂಬಾ ನುಡಿಸಿದವನು. ಆಮೇಲೆ ಪಂಥ ಬದಲಾಯಿಸಿ ಪಾಸ್ಟರ್ ಆದ, ಕೋಲುಗಳನ್ನು ಒಲೆಗೆ ಹಾಕಿದ. ಮರಿಂಬಾ ಇದ್ದಲ್ಲಿ ಸಾರಾಯಿ ಇರುತ್ತದೆ, ಸಾರಾಯಿ ಇದ್ದಲ್ಲಿ ಸೈತಾನ ಇರುತ್ತಾನೆ ಎಂದು ವಾರಕ್ಕೆ ಮೂರು ಸಲ ಧ್ವನಿವರ್ಧಕದಲ್ಲಿ ಹೇಳುತ್ತಾನೆ. ಅಂತಿಲ್‌ನ ಶವ ಮನೆಯಲ್ಲಿದ್ದಾಗ ಅವನು ಬೀದಿಯ ತಿರುವಿನವರೆಗೆ ಬಂದ. ಒಳಗೆ ಮರಿಂಬಾ ನುಡಿಯುತ್ತಿತ್ತೆಂದು ಅಲ್ಲಿಂದಲೇ ತಿರುಗಿ ಹೋದ. ಆ ಮೇಲೆ ನಾನು ಅವನನ್ನು ಮಾತಾಡಿಸಿರಲಿಲ್ಲ. ಅವನ ಚರ್ಚಿನ ಸಭೆಯವರು ರಾಜಧಾನಿಯಿಂದ ಅವನಿಗೆ ಹೊಸ ಫೋನು ತಂದುಕೊಟ್ಟ ವಿಷಯ ಇಡೀ ಊರಿಗೆ ಗೊತ್ತಿತ್ತು.

ದೋನ್ ಮಲ್ತಿಶ್‌ರನ್ನು ಕರೆದುಕೊಂಡು ಬೆಳಿಗ್ಗೆ ಹೋದೆ. ಎಲಿಸೇಯೊ ಬಾಗಿಲಲ್ಲೇ ನಿಂತ.

"ಅಕ್ಕ."

"ನಿನ್ನ ಫೋನು ಬೇಕಿತ್ತು."

"ಯಾರಿಗೆ ಮಾಡ್ಬೇಕು?"

"ಯಾರಿಗೂ ಅಲ್ಲ. ಇವರ ಕಿವಿಗೆ." ನಾನು ಎಲ್ಲವನ್ನೂ ಹೇಳಿದೆ. ಅವನು ನೆಲ ನೋಡುತ್ತ ಕೇಳಿದ.

"ಮರಿಂಬಾಕ್ಕಾ?"

"ನಿಮ್ಮ ಭಾವನ ಮರಿಂಬಾಕ್ಕೆ."

"ನಾನು ಸಭೇಲಿ ಏನು ಹೇಳ್ತೀನಿ ಅಂತ ನಿಂಗೆ ಗೊತ್ತಲ್ಲ ಅಕ್ಕ."

"ಗೊತ್ತಿಲ್ದೆ ಏನು? ನಿನ್ನ ಧ್ವನಿವರ್ಧಕ ನನ್ನ ಅಂಗಡಿಗೇ ಮುಖ ಮಾಡ್ಕೊಂಡಿದೆ."

ಅವನಿಗೆ ನಗು ಬಂತು, ನುಂಗಿಕೊಂಡ. ಕೊನೆಗೆ ಹೇಳಿದ, "ಕಿವುಡರಿಗೆ ಕಿವಿ ಕೊಡಬೇಡ ಅಂತ ಎಲ್ಲೂ ಬರೆದಿಲ್ಲ. ಕಿವಿ ಬಂದ್ಮೇಲೆ ಅವರೇನು ಕೇಳ್ತಾರೋ ಅದು ಅವರಿಗೂ ದೇವರಿಗೂ ಬಿಟ್ಟಿದ್ದು. ಬನ್ನಿ ದೋನ್, ಒಳಗೆ ಬನ್ನಿ."

ಅವನ ಫೋನಿನಲ್ಲಿ ಆ್ಯಪ್ ತಕರಾರಿಲ್ಲದೆ ತೆರೆದುಕೊಂಡಿತು. ಎಲಿಸೇಯೊ ಸೋಸುವುದನ್ನು ನಿಲ್ಲಿಸುವ ಗೆರೆಯನ್ನು ಬೆರಳಿನಿಂದ ಕೆಳಕ್ಕೆ ಎಳೆದ. ದೋನ್ ಮಲ್ತಿಶ್ ಬೆಚ್ಚಿಬಿದ್ದರು. ತಗಡಿನ ಮೇಲಿನ ಹನಿ, ಗಿರಣಿಯ ಮೋಟಾರು, ನೊಣ, ಎಲ್ಲ ಒಟ್ಟಿಗೆ ಒಳನುಗ್ಗಿರಬೇಕು. ನಿಲುವಂಗಿಯೊಳಗಿಂದ ಒಂದು ಡಬ್ಬಿ, ಒಂದು ಪಟ್ಟಿ ತೆಗೆದರು. ಪಾಸ್ಟರನ ಮನೆಗೆ ಮರಿಂಬಾದ ತುಂಡನ್ನು ಬಚ್ಚಿಟ್ಟುಕೊಂಡು ತಂದಿದ್ದರು ಪುಣ್ಯಾತ್ಮ! ಪಟ್ಟಿಯನ್ನು ಡಬ್ಬಿಯ ಬಾಯಿಗೆ ಹಿಡಿದು ಒಂದೇ ಒಂದು ಏಟು ಹಾಕಿದರು.

"ಅಯ್ಯೋ ದೇವರೇ" ಅಂದರು. "ಇದನ್ನ ನಾನಾ ಮಾಡಿದ್ದು?"

ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಕರುಳಿಗೆ ಏನೂ ಆಗಿರಲಿಲ್ಲ ಕತಾಲ್" ಅಂದರು. ಆ ಮಾತಿಗಾಗಿ ಮೂರು ವಾರದಿಂದ ಕಾದಿದ್ದೆ. ಕೇಳಿದ ಮೇಲೆ ಯಾವ ಸಂತೋಷವೂ ಆಗಲಿಲ್ಲ.

ಅಂದಿನಿಂದ ದಿನವೂ ಬೆಳಿಗ್ಗೆ ಆರಕ್ಕೆ ಎಪ್ಪತ್ತೊಂದು ವರ್ಷದ ಮನುಷ್ಯ ಬೆಟ್ಟ ಇಳಿದು ಬಂದು ಪಾಸ್ಟರನ ಮೆಟ್ಟಿಲ ಮೇಲೆ ಕೂರುವುದು. ಎಲಿಸೇಯೊ ಪ್ರಾರ್ಥನೆ ಮುಗಿಸಿ ಬಂದು ಫೋನು ತೆಗೆದು ಗೆರೆ ಎಳೆಯುವುದು. ಇವರು ಮತ್ತೆ ಬೆಟ್ಟ ಹತ್ತಿ ಹೋಗಿ ಕೆಲಸಕ್ಕೆ ಕೂರುವುದು. ಗಿರಣಿಗೆ ಜೋಳ ತಂದ ಹೆಂಗಸರು ಸುಮ್ಮನಿರುತ್ತಾರೆಯೇ?

"ಏನು ದೋನ್, ಪಂಥ ಬದಲಾಯ್ತಾ?"

"ಕಿವಿ ಮಾತ್ರ ಬದಲಾಗಿದೆ" ಎನ್ನುತ್ತಿದ್ದರು.

ಮೊದಮೊದಲು ನಗುತ್ತ ಹೇಳುತ್ತಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ನಗು ಬತ್ತಿತು. ಒಂದು ದಿನ ಎಲಿಸೇಯೊ ಕಾಯಿಲೆಯವರೊಬ್ಬರ ಮನೆಗೆ ಹೋಗಿದ್ದ. ಇವರು ಹತ್ತೂವರೆವರೆಗೆ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಬಿಸಿ ಗಂಜಿ ತಂದುಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದರು, "ಕೊಟ್ಟವರು ಧರ್ಮಕ್ಕೆ ಕೊಟ್ರು, ಬೈಯೋ ಹಾಗಿಲ್ಲ. ಆದ್ರೂ ಕತಾಲ್, ನನ್ನ ತಲೆಗೆ ಅಂಟಿಕೊಂಡಿರೋ ವಸ್ತು ನನ್ನದಲ್ಲ ಅನ್ನೋ ಹಾಗೆ ಬೆಳಿಗ್ಗೆ ಎದ್ದು ಕೇಳ್ಕೊಂಡು ಬರ್ಬೇಕಲ್ಲ." ನಾನು ಲೋಟಕ್ಕೆ ಇನ್ನಷ್ಟು ಗಂಜಿ ಸುರಿದೆ.

ಅಕ್ಟೋಬರ್ ಇಪ್ಪತ್ತೈದಕ್ಕೆ ಮೂವತ್ತೊಂದು ಡಬ್ಬಿ ಮುಗಿದಿದ್ದವು, ಹನ್ನೊಂದು ಉಳಿದಿದ್ದವು. ಆ ದಿನವೇ ಎಲಿಸೇಯೊ ರಾಜಧಾನಿಗೆ ಹೊರಟ. ಸಭೆಗಳ ಮಹಾಕೂಟ, ಹಬ್ಬದ ದಿನವೇ ವಾಪಸ್ಸು. ಹೊರಡುವ ಮುಂಚೆ ಗೆರೆ ಎಳೆದುಕೊಟ್ಟು, "ಫೋನು ಬಿಟ್ಟು ಹೋಗೋಣ ಅಂದ್ರೆ ಆಗ್ತಿಲ್ಲ ಅಕ್ಕ, ಕೂಟದ ಜನರೆಲ್ಲ ಇದರಲ್ಲೇ ಸಿಗ್ಬೇಕು" ಅಂದ. ನಿಜವಾಗಿಯೂ ಸಂಕಟಪಟ್ಟ. ದೋನ್ ಮಲ್ತಿಶ್ ಒಂದು ಉಪಾಯ ಮಾಡಿದರು. ಚಾರ್ಜಿಗಿಟ್ಟರೆ ತಾನೇ ಮರೆಯುವುದು? ಅವರು ಮೆಷಿನ್ನು ಬಿಚ್ಚಲೇ ಇಲ್ಲ. ಹಾಕಿಕೊಂಡೇ ಮಲಗಿ, ಹಾಕಿಕೊಂಡೇ ಎದ್ದು ಕೆಲಸಕ್ಕೆ ಕೂತರು. ಮರುದಿನ ಮಧ್ಯಾಹ್ನ ಅದು ಮೂರು ಸಲ ಕುಂಯ್‌ಗುಟ್ಟಿ ಸತ್ತಿತು. ಆಗ ಮೂರು ಡಬ್ಬಿ ಮುಗಿದಿದ್ದವು.

ನನ್ನ ಅಂಗಡಿಗೆ ಬಂದು, "ಎಂಟು ಉಳಿದಿವೆ, ನಿನ್ನ ಕಿವಿ ಕೊಡು" ಅಂದರು.

"ನನಗೆ ಮೂಳೆಗೆ ಕತ್ತಿ ತಾಗಿದ ಸದ್ದು ಬಿಟ್ರೆ ಬೇರೇನೂ ಗೊತ್ತಿಲ್ಲ ದೋನ್" ಎಂದು ಕೂಗಿದೆ. ಕೂಗಿದ್ದೂ ಅವರಿಗೆ ಕೇಳಲಿಲ್ಲ. ನನ್ನ ತುಟಿ ನೋಡಿಕೊಂಡು ನಿಂತಿದ್ದರು. ಜೊತೆಗಾರರಿಬ್ಬರೂ ಕಾಫಿ ಕೊಯ್ಲಿಗೆ ಕೆಳಗಿನ ತೋಟಗಳಿಗೆ ಹೋಗಿದ್ದರು, ಹಬ್ಬಕ್ಕಷ್ಟೇ ಬರುವವರು. ಅಂಗಡಿ ಮುಚ್ಚಿ ಹೋದೆ.

ನಾಲ್ಕು ದಿನ ಕೂತೆವು. ಸರಿಮಾಡಿ ಮುಗಿಸಿದ ಒಂದು ಡಬ್ಬಿಗೆ ಹೊಡೆಯುವುದು, ಆಮೇಲೆ ಹೊಸದಕ್ಕೆ ಹೊಡೆಯುವುದು, ನಾನು ಕೈಯಲ್ಲಿ ಹೆಚ್ಚು, ಕಡಿಮೆ ಎಂದು ತೋರಿಸುವುದು. ಅವರು ಮೇಣವನ್ನು ಉಗುರಿನಲ್ಲಿ ಒತ್ತಿ, ಪೊರೆಯನ್ನು ಒಂಚೂರು ಎಳೆದು ಮತ್ತೆ ನನ್ನ ಮುಖ ನೋಡುವುದು. ಕೇಳಿ ಕೇಳಿ ನನ್ನ ತಲೆ ಜೋಮು ಹಿಡಿಯಿತು. ಆದರೂ ಮೊದಲ ಐದು ಸರಿಯಾಗಿಯೇ ಬಂದವು. ಕೊನೆಯ ಮೂರು ಮಂದ್ರದ ದೊಡ್ಡ ಡಬ್ಬಿಗಳು, ಅವುಗಳ ಪೊರೆ ಅಗಲ. ಒಂದರ ಪೊರೆ ಎರಡು ಸಲ ಹರಿಯಿತು. ನಾಲ್ಕನೇ ದಿನ ಸಂಜೆಯಾಯಿತು. ಕೊನೆಯ ಮೂರಕ್ಕೂ ಹೊಡೆದು ನನ್ನ ಕಡೆ ನೋಡಿದರು. ಸದ್ದು ಸರಿಯಿರಲಿಲ್ಲ. ಚಮಚವನ್ನು ಡಬ್ಬದಲ್ಲಿ ಅಲ್ಲಾಡಿಸಿದ ಹಾಗಿತ್ತು. ನನಗೆ ಸೊಂಟ ಬಿದ್ದುಹೋಗಿತ್ತು, ಹೊಟ್ಟೆ ಹಸಿದಿತ್ತು, ಆ ಮುಖವನ್ನು ಇನ್ನೊಮ್ಮೆ ಬೇಡ ಎನ್ನುತ್ತ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಸರಿಯಾಗಿದೆ ಎಂದು ತಲೆಯಾಡಿಸಿದೆ. ಅವರು ಕಣ್ಣು ಮುಚ್ಚಿ, ಮರದ ಮೇಲೆ ಅಂಗೈ ಇಟ್ಟುಕೊಂಡು ಸುಮಾರು ಹೊತ್ತು ಕೂತರು.

ಹಬ್ಬದ ದಿನ ಗೋರಿಯ ಮೇಲೆ ಪೈನ್ ಎಲೆ ಹರಡಿ, ಚೆಂಡುಹೂ ಇಟ್ಟು, ಅಂತಿಲ್‌ಗೆ ಇಷ್ಟವಾದ ಅವರೆಕಾಳಿನ ಹೂರಣದ ಜೋಳದ ಕಡುಬನ್ನು ಬಡಿಸಿದೆ. ಸ್ಮಶಾನದ ತುಂಬ ಜನ, ಹೊಗೆ, ಪಟಾಕಿ. ಜೊತೆಗಾರರು ಮರಿಂಬಾ ಹೊತ್ತು ತಂದು ನಿಲ್ಲಿಸಿದರು. ನುಡಿಸತೊಡಗಿದಾಗ ನನಗೆ ದುಃಖ ಉಮ್ಮಳಿಸಿ ಬಂತು. ಅಷ್ಟು ಚೆನ್ನಾಗಿತ್ತು. ಕೋಲು ಮಂದ್ರದ ತುದಿಗೆ ಹೋದಾಗಲೆಲ್ಲ ಮಾತ್ರ ಚಮಚ ಅಲ್ಲಾಡುತ್ತಿತ್ತು. ಪಲಾಸ್ ಒಮ್ಮೆ ನನ್ನತ್ತ ನೋಡಿ ಆಮೇಲೆ ನೋಡಲಿಲ್ಲ. ದೋನ್ ಮಲ್ತಿಶ್ ಚಾರ್ಜು ತುಂಬಿಸಿದ ಮೆಷಿನ್ನು ಹಾಕಿಕೊಂಡು ಕಲ್ಲಿನ ಮೇಲೆ ಕೂತಿದ್ದರು. ತೊಳೆದಿಟ್ಟ ಮರದ ಸದ್ದಷ್ಟೇ ಅವರಿಗೆ ಕೇಳುತ್ತಿದ್ದದ್ದು. ಝೇಂಕಾರವನ್ನು ಜನರ ಮುಖದ ಮೇಲೆ ಹುಡುಕುತ್ತಿದ್ದರು.

ಆಗ ಗೇಟಿನ ಹೊರಗೆ ಎಲಿಸೇಯೊ ಕಾಣಿಸಿದ. ಬಸ್ಸಿಳಿದು ನೇರ ಬಂದಿದ್ದಾನೆ, ಹೆಗಲಲ್ಲಿ ಚೀಲ ಹಾಗೇ ಇದೆ. ಸಂತರ ಹಬ್ಬಕ್ಕೆ ಅವನು ಒಳಗೆ ಕಾಲಿಡುವ ಹಾಗಿಲ್ಲ. ಫೋನನ್ನು ಮೇಲೆತ್ತಿ ತೋರಿಸಿದ. ದೋನ್ ಮಲ್ತಿಶ್ ಎದ್ದು ಜನರ ನಡುವೆ ದಾರಿ ಮಾಡಿಕೊಂಡು ಹೋದರು. ನನ್ನ ತಮ್ಮ ಬಗ್ಗಿ ಫೋನಿನಲ್ಲಿ ಗೆರೆ ಎಳೆದದ್ದು ನನಗೆ ಇಲ್ಲಿಂದಲೇ ಕಂಡಿತು. ಆಮೇಲೆ ಇಬ್ಬರೂ ಗೇಟಿನ ಆಚೆ ನಿಂತು ಒಂದು ಇಡೀ ಹಾಡು ಕೇಳಿದರು. ಎಲಿಸೇಯೊನ ಬೆರಳುಗಳು ಚೀಲದ ಪಟ್ಟಿಯ ಮೇಲೆ ಆಡುತ್ತಿದ್ದವು. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ.

ದೋನ್ ಮಲ್ತಿಶ್ ವಾಪಸ್ಸು ಬಂದು ನನ್ನ ಮುಂದೆ ನಿಂತರು.

"ಕೊನೇ ಮೂರು."

ನಾನು ಜಾರಿದ ಚೆಂಡುಹೂವೊಂದನ್ನು ಎತ್ತಿ ಗೋರಿಯ ಮೇಲಿಟ್ಟೆ.

"ನೀನು ಸರಿ ಅಂದೆ."

"ಅಂದೆ."

"ಆ ಕಂಪನಿಯವರು ನನ್ನ ನಂಬಲ್ಲ. ಹೋಗ್ಲಿ, ಅವರಿಗೆ ನಾನ್ಯಾರು. ನೀನು ಸುಸ್ತಾಯ್ತು ಅನ್ನಬಹುದಿತ್ತು, ನಾಳೆ ನೋಡೋಣ ಅನ್ನಬಹುದಿತ್ತು. ನಿನ್ನದು ಬಿಟ್ಟು ನನ್ನ ಹತ್ರ ಇನ್ಯಾವ ಕಿವಿ ಇತ್ತು ಕತಾಲ್?"

"ತಪ್ಪಾಯ್ತು ದೋನ್."

ಅವರು ಮರಿಂಬಾದ ಕಡೆ ತಿರುಗಿದರು. ಹಾಡು ಮುಗಿಯುತ್ತಲೇ ಕೈಯೆತ್ತಿ ಜೊತೆಗಾರರನ್ನು ನಿಲ್ಲಿಸಿದರು. ಮರಿಂಬಾ ಹೋದಲ್ಲಿಗೆಲ್ಲ ಅದನ್ನು ಮಾಡಿದವನ ಜೇಬಿನಲ್ಲಿ ಮೇಣ, ಪೊರೆ ಇದ್ದೇ ಇರುತ್ತವೆ. ಅಂತಿಲ್‌ನ ಗೋರಿಯ ಅಂಚಿನಲ್ಲಿ ಮಂಡಿಯೂರಿ ಮೂರೂ ಡಬ್ಬಿಗಳ ಪೊರೆ ಕಿತ್ತರು. ಜನ ಗೊಣಗಿದರು, ಯಾರೋ ಸಾರಾಯಿ ಹಂಚತೊಡಗಿದರು. ನಾನು ಪಕ್ಕದಲ್ಲಿ ಕೂತು ಮೇಣವನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡೆ. ಕೈ ಚಾಚಿದಾಗಲೆಲ್ಲ ಕೊಟ್ಟೆ. ಒಂದೊಂದನ್ನೂ ಅಂಟಿಸಿ, ಬಡಿದು, ಕಿವಿ ವಾಲಿಸಿ, ಉಗುರಿನಲ್ಲಿ ಒತ್ತಿ, ಮತ್ತೆ ಬಡಿದು ನೋಡಿದರು. ಮೂರನೆಯದು ತುಂಬುಗಂಟಲಿನಲ್ಲಿ ಗುಂಯ್ ಎಂದಾಗ ತಮ್ಮಷ್ಟಕ್ಕೆ ತಾವು ತಲೆಯಾಡಿಸಿದರು. ನಾನು ಅಲ್ಲೇ, ಮೊಳದ ದೂರದಲ್ಲಿ ಕೂತಿದ್ದೆ. ಹೇಗಿದೆ ಎಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ.